ಬೊಂಜೂರ್ ನಾಗಪುರ! ನಲವತ್ತರ ಹೊಸ್ತಿಲಲ್ಲಿ ಫ್ರೆಂಚ್ ಪಾಠ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಇಣುಕುತ್ತಿದೆ. "ಈ ವಯಸ್ಸಿನಲ್ಲಿ ಫ್ರೆಂಚ್ ಕಲಿಯಲು ಆಗುತ್ತದೆಯೇ?" ಕೇಳುವವರ ಕಾರಣಗಳು ಬೇರೆ ಬೇರೆ. ಒಬ್ಬರಿಗೆ ವರ್ಧಾ ರಸ್ತೆಯ ಆಚೆ ಮಿಹಾನ್‌ನಲ್ಲಿ ಕೆಲಸದ ಆಸೆ. ಇನ್ನೊಬ್ಬರಿಗೆ ಕೆನಡಾ ಕನಸು. ಮತ್ತೊಬ್ಬರ ಮಗಳು ಫ್ರಾನ್ಸ್‌ಗೆ ಓದಲು ಹೋಗಿದ್ದಾಳೆ, ಅವಳನ್ನು ನೋಡಲು ಹೋದಾಗ ಅಂಗಡಿಯಲ್ಲಿ ಹಾಲನ್ನಾದರೂ ಕೇಳಿ ತರಬೇಕು ಎನ್ನುವ ಅಮ್ಮನ ಹಟ. (ಈ ಅಮ್ಮನ ಕಾರಣವೇ ನಮಗೆ ಹೆಚ್ಚು ಹಿಡಿಸಿದ್ದು!)

ಉತ್ತರ ಚಿಕ್ಕದು: ಆಗುತ್ತದೆ. ಆದರೆ ಎಷ್ಟು ಕಲಿಯಬೇಕು, ಯಾತಕ್ಕೆ, ಎಷ್ಟು ದಿನ ಬೇಕು ಎನ್ನುವುದು ಬೇರೆ ಲೆಕ್ಕ. ಆ ಲೆಕ್ಕ ತಪ್ಪಿದಾಗಲೇ ಜನ ದುಡ್ಡನ್ನೂ ವರ್ಷಗಳನ್ನೂ ಕಳೆದುಕೊಳ್ಳುವುದು. ಅದಕ್ಕೇ ಈ ಸಲದ ಪುಟಗಳನ್ನು ಇದಕ್ಕೆ ಮೀಸಲಿಟ್ಟಿದ್ದೇವೆ.

ಮೊದಲು ವಯಸ್ಸಿನ ಮಾತು ಮುಗಿಸಿಬಿಡೋಣ. ಮಕ್ಕಳು ಭಾಷೆಯನ್ನು ನೀರು ಕುಡಿದಂತೆ ಕಲಿಯುತ್ತಾರೆ, ದೊಡ್ಡವರಿಗೆ ಆ ಬಾಗಿಲು ಮುಚ್ಚಿದೆ ಎಂದು ನಾವೆಲ್ಲ ನಂಬಿದ್ದೇವೆ. ಇದು ಅರ್ಧ ನಿಜ. ನೆದರ್ಲೆಂಡ್ಸ್‌ಗೆ ಹೋಗಿ ನೆಲೆಸಿದ ಇಂಗ್ಲಿಷ್ ಭಾಷಿಕರು ಡಚ್ ಕಲಿತ ಬಗೆಯನ್ನು ಗಮನಿಸಿ 1978ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮೊದಲ ಕೆಲವು ತಿಂಗಳಲ್ಲಿ ಮುಂದೆ ಓಡಿದವರು ಹದಿಹರೆಯದವರು ಮತ್ತು ದೊಡ್ಡವರು. ಮೂರರಿಂದ ಐದು ವರ್ಷದ ಪುಟಾಣಿಗಳೇ ಹಿಂದೆ ಬಿದ್ದಿದ್ದರು. ಕಾಲ ಕಳೆದಂತೆ ಎಳೆಯರು ದೊಡ್ಡವರನ್ನು ದಾಟುತ್ತಾರೆ, ಉಚ್ಚಾರಣೆಯಲ್ಲಂತೂ ಅವರದೇ ಮೇಲುಗೈ. ಹಾಗಾಗಿ ಫ್ರೆಂಚರಂತೆಯೇ ಮಾತಾಡುತ್ತೇನೆ ಎಂಬ ಆಸೆಯನ್ನು ಮೊದಲೇ ಕೈಬಿಡಿ. ಅರ್ಥವಾಗುವಂತೆ ಮಾತಾಡುತ್ತೇನೆ ಎಂಬ ಆಸೆಗೆ ಯಾವ ಅಡ್ಡಿಯೂ ಇಲ್ಲ.

ಅಲ್ಲದೆ, ನೀವು ಈಗಾಗಲೇ ಒಮ್ಮೆ ಈ ಕೆಲಸ ಮಾಡಿದ್ದೀರಿ, ಅಲ್ಲವೇ? ಬ್ಯಾಂಕಿನ ವರ್ಗಾವಣೆಯೋ, ರೈಲ್ವೆ ನೌಕರಿಯೋ, ಕಲ್ಲಿದ್ದಲು ಕಂಪನಿಯ ಕೆಲಸವೋ ಹಿಡಿದು ಹುಬ್ಬಳ್ಳಿಯಿಂದ, ಕಲಬುರಗಿಯಿಂದ, ಮಂಗಳೂರಿನಿಂದ ಈ ಊರಿಗೆ ಬಂದಿರಿ. ಸೀತಾಬರ್ಡಿಯ ಪೇಟೆಯಲ್ಲಿ ತರಕಾರಿ ಕೊಳ್ಳುತ್ತಾ ಮರಾಠಿ ಕಲಿತಿರಿ. ಯಾವ ತರಗತಿಗೆ ಹೋಗಿದ್ದಿರಿ? ತಪ್ಪು ಮಾತಾಡಿದಿರಿ, ಅಂಗಡಿಯವ ನಕ್ಕ, ಮರುದಿನ ಮತ್ತೆ ಮಾತಾಡಿದಿರಿ. ಫ್ರೆಂಚಿಗೂ ಬೇಕಾದದ್ದು ಇದೇ ಧೈರ್ಯ. ಕೊರತೆ ಒಂದೇ, ಬೀದಿಯಲ್ಲಿ ಫ್ರೆಂಚ್ ಮಾತಾಡುವ ತರಕಾರಿಯವನು ಇಲ್ಲಿ ಸಿಗುವುದಿಲ್ಲ. ಆ ಜಾಗವನ್ನು ಬೇರೆ ರೀತಿ ತುಂಬಿಕೊಳ್ಳಬೇಕು.

ಹಾಗೆಂದು ಫ್ರೆಂಚ್ ಈ ಊರಿಗೆ ಅಪರಿಚಿತ ಎಂದುಕೊಳ್ಳಬೇಡಿ. ಸೆಮಿನರಿ ಹಿಲ್ಸ್‌ನ ಎಸ್‌ಎಫ್‌ಎಸ್ ಕಾಲೇಜು ಯಾವ ಆಟೋದವನಿಗೆ ಗೊತ್ತಿಲ್ಲ? ಪೂರ್ತಿ ಹೆಸರು ಸೇಂಟ್ ಫ್ರಾನ್ಸಿಸ್ ಡಿ ಸೇಲ್ಸ್. ಯಾವುದೋ ಮಾರಾಟದ ಇಲಾಖೆಯಂತೆ ನಾವೆಲ್ಲ 'ಸೇಲ್ಸ್' ಎನ್ನುತ್ತೇವೆ. ಫ್ರೆಂಚಿನಲ್ಲಿ ಅದು 'ಸಾಲ್'. ಆ ಸಂತನ ಹೆಸರಿನ ಧರ್ಮಸಂಘ 1838ರಲ್ಲಿ ಆಲ್ಪ್ಸ್ ತಪ್ಪಲಿನ ಆನ್‌ಸಿ ಪಟ್ಟಣದಲ್ಲಿ ಹುಟ್ಟಿತು. ಅಲ್ಲಿಂದ ಪಾದ್ರಿಗಳು 1840ರ ದಶಕದಲ್ಲಿ ವಿಶಾಖಪಟ್ಟಣಕ್ಕೆ ಬಂದು, ಅಲ್ಲಿಂದ ನಾಗಪುರದ ಕಡೆಗೂ ಹರಡಿಕೊಂಡರು. 1887ರಲ್ಲಿ ನಾಗಪುರ ಪ್ರತ್ಯೇಕ ಧರ್ಮಪ್ರಾಂತವಾದಾಗ ಮೊದಲ ಬಿಷಪ್ ಆದ ಅಲೆಕ್ಸಿಸ್ ರಿಕಾಜ್ ಇದೇ ಸಂಘದವರು. ಅವರೆಲ್ಲ ದೊಡ್ಡವರಾದ ಮೇಲೆ ಹಡಗು ಹತ್ತಿ ಬಂದು ಇಲ್ಲಿನ ಭಾಷೆಗಳನ್ನು ಕಲಿತವರು. ನಾವು ಹೊರಟಿರುವುದು ಅದೇ ದಾರಿಯಲ್ಲಿ, ಉಲ್ಟಾ ದಿಕ್ಕಿನಲ್ಲಿ! (ನಮ್ಮ ಕನ್ನಡ ನಾಡಿನಲ್ಲೂ ಇಂಥ ಗುರುತುಗಳಿವೆ. ಮಂಡ್ಯ ಜಿಲ್ಲೆಯ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಹೈದರ್ ಮತ್ತು ಟಿಪ್ಪುವಿನ ಕಡೆಯ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದ ಜಾಗ ಅದು.)

ಈಗಿನ ನಂಟು ಮಿಹಾನ್‌ನದು. ದಾಸೋ ಕಂಪನಿ ಮತ್ತು ರಿಲಯನ್ಸ್ ಸೇರಿ ಕಟ್ಟಿದ ವಿಮಾನ ಬಿಡಿಭಾಗಗಳ ಕಾರ್ಖಾನೆಗೆ 2017ರ ಅಕ್ಟೋಬರ್‌ನಲ್ಲಿ ಅಡಿಗಲ್ಲು ಬಿತ್ತು. ಫಾಲ್ಕನ್ 2000 ವಿಮಾನವನ್ನು ಇಲ್ಲೇ ಪೂರ್ತಿಯಾಗಿ ಜೋಡಿಸುತ್ತೇವೆ ಎಂದು 2025ರ ಜೂನ್‌ನಲ್ಲಿ ಪ್ಯಾರಿಸ್ ವಿಮಾನ ಪ್ರದರ್ಶನದಲ್ಲಿ ಘೋಷಣೆಯಾಯಿತು. ಫ್ರಾನ್ಸ್‌ನಿಂದ ಹೊರಗೆ ಫಾಲ್ಕನ್ ತಯಾರಾಗುವುದು ಇದೇ ಮೊದಲು, 2028ರ ವೇಳೆಗೆ ಮೊದಲ ವಿಮಾನ ಎಂದೂ ಅಂದು ಹೇಳಿದರು. ವಿಮಾನದ ಮಾತೇ ಅರ್ಧ ಫ್ರೆಂಚ್ ಎನ್ನಬಹುದು. ಹ್ಯಾಂಗರ್ ಫ್ರೆಂಚ್ ಪದ. ವಿಮಾನದ ಒಡಲಿಗೆ ಹೇಳುವ ಫ್ಯೂಸಲೇಜ್ ಫ್ರೆಂಚಿನ ಕದಿರು ಎಂಬ ಪದದಿಂದ ಬಂದದ್ದು, ಕದಿರಿನ ಆಕಾರ ನೋಡಿ. ರೆಕ್ಕೆಯ ತುದಿಯಲ್ಲಿ ಮೇಲೆ ಕೆಳಗೆ ಆಡುವ ಐಲರಾನ್ ಎಂದರೆ ಪುಟ್ಟ ರೆಕ್ಕೆ.

ಸರಿ, ಪಾಠಕ್ಕೆ ಬರೋಣ.

ಫ್ರೆಂಚ್ ಕಂಡರೆ ಎಲ್ಲರಿಗೂ ಭಯ ಹುಟ್ಟುವುದು ಬರೆದದ್ದೊಂದು, ಓದುವುದೊಂದು ಎಂಬ ಕಾರಣಕ್ಕೆ. ನಿಜ, ಪದದ ಕೊನೆಯ ವ್ಯಂಜನ ಬಹುಪಾಲು ಮೌನ. ಆದರೆ ಈ ನಿಯಮ ನಿಮಗೆ ಆಗಲೇ ಗೊತ್ತು! ಬಸ್ ಡಿಪೋವನ್ನು ಯಾರಾದರೂ 'ಡಿಪೋಟ್' ಎನ್ನುತ್ತಾರೆಯೇ? ಸನ್ಮಾನದ ಹೂಗುಚ್ಛವನ್ನು 'ಬೊಕೆ' ಎನ್ನುತ್ತೇವೆ, 'ಬೊಕೆಟ್' ಎನ್ನುವುದಿಲ್ಲ. ಕಾರಿನ ಕಂಪನಿ 'ರೆನೋ', ಕೊನೆಯ ಅಕ್ಷರಗಳೆಲ್ಲ ಬರೆಯಲಿಕ್ಕಷ್ಟೇ. ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪ್ಯಾರಿಸ್ ಏಕೆ 'ಪಾರಿ' ಆಯಿತು ಎಂದು ಯಾರೂ ವಿವರಿಸಬೇಕಿಲ್ಲ. ಇಂಗ್ಲಿಷಿನ ಕಾಗುಣಿತಕ್ಕೆ ನಿಯಮವೇ ಕಡಿಮೆ. ಫ್ರೆಂಚಿನಲ್ಲಿ ನಿಯಮಗಳಿವೆ, ಸಂಖ್ಯೆಯಲ್ಲಿ ಜಾಸ್ತಿ ಅಷ್ಟೇ. ಎರಡು ತಿಂಗಳಲ್ಲಿ ಗೊತ್ತಿಲ್ಲದ ಪದವನ್ನೂ ಸರಿಯಾಗಿ ಓದಬಹುದು, ಬರೆಯುವುದು ಮಾತ್ರ ಆಮೇಲಿನ ಕಷ್ಟ.

ಧ್ವನಿಗಳಲ್ಲಿ ಕನ್ನಡಿಗರಿಗೆ ಒಂದು ದೊಡ್ಡ ಅನುಕೂಲವಿದೆ. ಫ್ರೆಂಚಿನ ತ, ದ, ಪ, ಕ ನಮ್ಮ ತ, ದ, ಪ, ಕಗಳೇ. ಇಂಗ್ಲಿಷಿನ ಅಭ್ಯಾಸದಿಂದ 'ಟ', 'ಡ' ಎಂದು ನಾಲಿಗೆ ಮಡಚಬೇಡಿ, ಹಲ್ಲಿಗೆ ತಾಗಿಸಿ. ಇಂಗ್ಲಿಷರಿಗೆ ಇದನ್ನು ಕಲಿಸಲು ಮೇಷ್ಟರು ಒದ್ದಾಡುತ್ತಾರೆ, ನಿಮಗೆ ಪುಕ್ಕಟೆ.

ಕಷ್ಟದವು ಮೂರು. ಒಂದು, ಮೂಗಿನ ಸ್ವರ. ಕನ್ನಡದಲ್ಲಿ ಇಲ್ಲ, ಆದರೆ ಹಿಂದಿಯ 'ಹಾಂ' ಎನ್ನುವಾಗ ಮೂಗಿನಲ್ಲಿ ಹೊರಳುತ್ತದಲ್ಲ, ಅದೇ. ನಾವು ಕನ್ನಡಿಗರು ಅದಕ್ಕೊಂದು 'ಮ್' ಅಥವಾ 'ನ್' ಸೇರಿಸಿ ಮುಗಿಸುತ್ತೇವೆ, ಸೇರಿಸಬೇಡಿ, ತುಟಿ ಮುಚ್ಚಬೇಡಿ. ಎರಡು, 'ಊ' ಎನ್ನುವಂತೆ ತುಟಿ ಗುಂಡಗೆ ಮಾಡಿ 'ಈ' ಎನ್ನುವ ಸ್ವರ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿ, ಮನೆಯವರು ನಗಲಿ ಬಿಡಿ. ಮೂರು, ಗಂಟಲಿನ 'ರ'. ಇದಕ್ಕೆ ಗಜಲ್ ಕೇಳುಗರೇ ಅದೃಷ್ಟವಂತರು. ಒಳ್ಳೆಯ ಗಾಯಕರು 'ಗಜಲ್' ಎನ್ನುವಾಗ ಮೊದಲ 'ಗ' ಗಂಟಲಿನಿಂದ ಉಜ್ಜಿಕೊಂಡು ಬರುತ್ತದೆ. ಫ್ರೆಂಚಿನ 'ರ' ಅದರ ಅಕ್ಕಪಕ್ಕದ ಮನೆಯದು.

ಇನ್ನು ನಮಗೆ ತುಂಬ ಇಷ್ಟವಾದ ಭಾಗ, ಸಂಧಿ. ಏಳನೆಯ ತರಗತಿಯಲ್ಲಿ ಕನ್ನಡ ಮೇಷ್ಟರು ಲೋಪ, ಆಗಮ, ಆದೇಶ ಎಂದು ಉರು ಹೊಡೆಸಿದ್ದು ನೆನಪಿದೆಯೇ? ಅದು ಯಾವ ಜನ್ಮಕ್ಕೆ ಬೇಕು ಎಂದು ಅಂದು ಗೊಣಗಿದ್ದಿರಬಹುದು. ಈ ಜನ್ಮಕ್ಕೇ ಬೇಕಾಯಿತು ನೋಡಿ!

ಊರು ಮತ್ತು ಅಲ್ಲಿ ಸೇರಿ 'ಊರಲ್ಲಿ' ಆಗುತ್ತದೆ, ಮೊದಲ ಪದದ ಸ್ವರ ಬಿದ್ದುಹೋಗುತ್ತದೆ. ಫ್ರೆಂಚಿನಲ್ಲಿ 'ಲ' ಮತ್ತು 'ಆಮಿ' ಸೇರಿ 'ಲಾಮಿ' ಆಗುತ್ತದೆ, ಎಂದರೆ ಗೆಳೆಯ. ಅಚ್ಚ ಲೋಪಸಂಧಿ. ಮನೆ ಮತ್ತು ಅನ್ನು ನಡುವೆ ನಾವು 'ಯ' ತರುತ್ತೇವೆ, ಮನೆಯನ್ನು. ಅವರು ಪ್ರಶ್ನೆ ಕೇಳುವಾಗ 'ಆ' ಮತ್ತು 'ಇಲ್' ನಡುವೆ ಎಲ್ಲಿಂದಲೋ ಒಂದು 'ತ' ತಂದು 'ಆತಿಲ್' ಎನ್ನುತ್ತಾರೆ. ಅದಕ್ಕೆ ಅರ್ಥವಿಲ್ಲ, ಎರಡು ಸ್ವರ ಡಿಕ್ಕಿ ಹೊಡೆಯಬಾರದು ಎಂದಷ್ಟೇ. ಆಗಮ ಎನ್ನಲು ಇನ್ನೇನು ಬೇಕು? ಮಳೆ ಮತ್ತು ಕಾಲ ಸೇರಿದರೆ 'ಕ' ಮೆತ್ತಗಾಗಿ 'ಮಳೆಗಾಲ'. ಅವರಲ್ಲಿ 'ಗೆಳೆಯರು' ಎನ್ನಲು 'ಲೆ' ಮತ್ತು 'ಆಮಿ' ಸೇರಿದಾಗ, ಅಷ್ಟು ಹೊತ್ತು ಮೌನವಾಗಿದ್ದ 'ಸ' ಎದ್ದು ಕೂತು, ಮೆತ್ತಗಾಗಿ, 'ಲೆಜಾಮಿ' ಆಗುತ್ತದೆ. ಪಠ್ಯಪುಸ್ತಕಗಳು ಇದಕ್ಕೆ 'ಲಿಯೇಜೋಂ' ಎಂಬ ದೊಡ್ಡ ಹೆಸರಿಟ್ಟು ಹೆದರಿಸುತ್ತವೆ. ಸಂಧಿ ಎಂದುಕೊಳ್ಳಿ, ಅರ್ಧ ಹೆದರಿಕೆ ಹೋಗುತ್ತದೆ. ಫ್ರೆಂಚರು ಮಾತಾಡುವಾಗ ಪದಗಳು ಬಿಡಿಬಿಡಿಯಾಗಿ ಕೇಳಿಸದೆ ಒಂದೇ ಉಸಿರಿನ ಹಾಗೆ ಕೇಳುವುದೂ ಇದರಿಂದಲೇ. ನಮ್ಮವರು 'ಏನ್ಮಾಡ್ತಿದ್ದೀರಿ' ಎಂದರೆ ಹೊಸಬರಿಗೆ ಎಷ್ಟು ಪದ ಕೇಳಿಸೀತು ಹೇಳಿ!

ಮರ್ಯಾದೆಯ ವಿಷಯದಲ್ಲೂ ನಾವು ಗೆದ್ದೆವು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸಂಬೋಧನೆ. ಫ್ರೆಂಚಿನಲ್ಲಿ ಗೆಳೆಯನಿಗೆ, ಮಗುವಿಗೆ 'ತ್ಯು', ಅಪರಿಚಿತರಿಗೆ, ಹಿರಿಯರಿಗೆ 'ವೂ'. ನೀನು, ನೀವು, ಅಷ್ಟೇ. ನಮ್ಮ ಹಾಗೆಯೇ ಆ 'ನೀವು' ಬಹುವಚನವೂ ಹೌದು. ಅಂಗಡಿಯವನಿಗೆ ಯಾವುದು, ಮಾವನವರಿಗೆ ಯಾವುದು ಎಂದು ನಿಮಗೆ ಪಾಠ ಹೇಳಬೇಕಿಲ್ಲ. ಒಂದು ವ್ಯತ್ಯಾಸ: ಸಹೋದ್ಯೋಗಿಗಳು ಬೇಗನೆ 'ತ್ಯು'ಗೆ ಇಳಿಯುತ್ತಾರೆ. ಅವರು ಕರೆಯುವ ತನಕ ನೀವು 'ವೂ'ನಲ್ಲೇ ಇರಿ.

ಕ್ರಿಯಾಪದಕ್ಕೆ ಬಂದಾಗ ಕನ್ನಡ ಸ್ವಲ್ಪ ದಾರಿ ತಪ್ಪಿಸುತ್ತದೆ. ನಾವು 'ಮಾತಾಡ್ತೀನಿ' ಎಂದರೆ ಸಾಕು, ನಾನು ಎಂದು ಬಾಲವೇ ಹೇಳುತ್ತದೆ. ಫ್ರೆಂಚಿನಲ್ಲಿ ಬಾಲ ಬರವಣಿಗೆಯಲ್ಲಿದೆ, ಕಿವಿಗೆ ಬೀಳುವುದಿಲ್ಲ. ನಾನು, ನೀನು, ಅವನು, ಅವರು ನಾಲ್ಕಕ್ಕೂ ಕೇಳಿಸುವುದು ಒಂದೇ 'ಪಾರ್ಲ್'. ಆದ್ದರಿಂದ 'ನಾನು' ಎಂಬುದನ್ನು ಬಿಡುವಂತಿಲ್ಲ, ಪ್ರತಿ ವಾಕ್ಯಕ್ಕೂ ಹಚ್ಚಬೇಕು. ಪದಗಳ ಸಾಲು ಸಾಮಾನ್ಯವಾಗಿ ಇಂಗ್ಲಿಷಿನಂತೆ, ಆದರೂ ಒಂದು ಕಡೆ ಅಚ್ಚರಿಯಾಗಿ ಕನ್ನಡದ ಸಾಲು ಬರುತ್ತದೆ. ಸಿನಿಮಾಗಳಿಂದ ಎಲ್ಲರಿಗೂ ಗೊತ್ತಿರುವ 'ಜ ತೆಮ್' ಬಿಡಿಸಿ ನೋಡಿ: ನಾನು, ನಿನ್ನನ್ನು, ಪ್ರೀತಿಸುತ್ತೇನೆ. ಇಂಗ್ಲಿಷಿನ ಸಾಲಲ್ಲ, ನಮ್ಮದು!

ಇನ್ನು ಲಿಂಗ. ಇಲ್ಲಿ ನಿಜವಾಗಿ ಅಳು ಬರುತ್ತದೆ. ಕನ್ನಡದಲ್ಲಿ ಅರ್ಥ ನೋಡಿ ಲಿಂಗ: ಗಂಡಸು ಅವನು, ಹೆಂಗಸು ಅವಳು, ಮೇಜು, ಕುರ್ಚಿ, ಗಾಡಿ ಎಲ್ಲ ಅದು. ಎಂಥ ನ್ಯಾಯವಾದ ವ್ಯವಸ್ಥೆ! ಈ ಊರಿಗೆ ಬಂದ ಹೊಸತರಲ್ಲಿ 'ಮೇರಾ ಗಾಡಿ' ಎಂದು ಎಷ್ಟು ಸಲ ನಗೆಗೆ ಈಡಾಗಿದ್ದೀರೋ ನೀವೇ ಬಲ್ಲಿರಿ. ಫ್ರೆಂಚಿನಲ್ಲೂ ಹಾಗೇ, ಪ್ರತಿ ವಸ್ತುವೂ ಗಂಡು ಇಲ್ಲವೇ ಹೆಣ್ಣು. ಆದರೆ ಹಿಂದಿಯ ಲಿಂಗವನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ. ಮನೆ ಹಿಂದಿಯಲ್ಲಿ ಗಂಡು, ಮರಾಠಿಯಲ್ಲಿ ನಪುಂಸಕ, ಫ್ರೆಂಚಿನಲ್ಲಿ ಹೆಣ್ಣು. ಪುಸ್ತಕಕ್ಕೆ ಹಿಂದಿಯವರು 'ಕಿತಾಬ್' ಎಂದಾಗ ಹೆಣ್ಣು, ಮರಾಠಿಯಲ್ಲಿ ನಪುಂಸಕ, ಫ್ರೆಂಚಿನಲ್ಲಿ ಗಂಡು. ತರ್ಕ ಹುಡುಕಿದರೆ ತಲೆ ಕೆಡುತ್ತದೆ. ಉಪಾಯ ಒಂದೇ, ಪದವನ್ನು ಒಂಟಿಯಾಗಿ ಕಲಿಯಬೇಡಿ. 'ಮೇಜೋಂ' ಎಂದು ಕಲಿಯದೆ 'ಲಾ ಮೇಜೋಂ' ಎಂದೇ, 'ಲೀವ್ರ್' ಎನ್ನದೆ 'ಲ ಲೀವ್ರ್' ಎಂದೇ ಬಾಯಿಗೆ ಹತ್ತಿಸಿ. ಮರಾಠಿಯ 'ಮಾಝೀ ಗಾಡೀ' ನಿಮಗೆ ಕಡೆಗೂ ಬಂದದ್ದು ನಿಯಮದಿಂದಲ್ಲ, ಕೇಳಿ ಕೇಳಿ.

ಅಂಕಿಗಳ ಬಗ್ಗೆ ಎರಡೇ ಮಾತು. ಅವರಲ್ಲಿ ಎಪ್ಪತ್ತಕ್ಕೆ 'ಅರವತ್ತು ಹತ್ತು', ಎಂಬತ್ತಕ್ಕೆ 'ನಾಲ್ಕು ಇಪ್ಪತ್ತು', ತೊಂಬತ್ತೊಂಬತ್ತಕ್ಕೆ 'ನಾಲ್ಕು ಇಪ್ಪತ್ತು ಹತ್ತೊಂಬತ್ತು' ಎನ್ನುತ್ತಾರೆ. ನಗಬೇಡಿ. ಎಪ್ಪತ್ತೊಂಬತ್ತಕ್ಕೆ ಮರಾಠಿಯವರು 'ಏಕೋಣಐಂಶಿ', ಅಂದರೆ ಎಂಬತ್ತಕ್ಕೆ ಒಂದು ಕಮ್ಮಿ ಎನ್ನುತ್ತಾರೆ, ಅದನ್ನು ಅರಗಿಸಿಕೊಂಡ ನಿಮಗೆ ಇದೇನು ಮಹಾ? ಫ್ರೆಂಚರು ಹತ್ತು ಅಂಕಿಯ ಫೋನ್ ನಂಬರನ್ನು ಎರಡೆರಡು ಅಂಕಿ ಜೋಡಿಸಿ ಹೇಳುತ್ತಾರೆ. ಆದ್ದರಿಂದ ತೊಂಬತ್ತೊಂಬತ್ತರ ತನಕ ಬರಲೇಬೇಕು. ಬೆಲ್ಜಿಯಂ, ಸ್ವಿಟ್ಜರ್ಲೆಂಡ್‌ಗಳಲ್ಲಿ ಎಪ್ಪತ್ತಕ್ಕೆ, ತೊಂಬತ್ತಕ್ಕೆ ನೇರವಾದ ಪದಗಳಿವೆ. ಬುದ್ಧಿವಂತರು!

ಈಗ ದುಡ್ಡು ಮತ್ತು ಕಾಲದ ಲೆಕ್ಕ. ಇದನ್ನು ದಯವಿಟ್ಟು ಎರಡು ಸಲ ಓದಿ.

2001ರಲ್ಲಿ ಯುರೋಪಿನವರು ಭಾಷಾ ಕಲಿಕೆಗೆ ಆರು ಮೆಟ್ಟಿಲು ಗೊತ್ತು ಮಾಡಿದರು: ಎ1, ಎ2, ಬಿ1, ಬಿ2, ಸಿ1, ಸಿ2. ಹಾಲು, ಬ್ರೆಡ್ಡು ಕೇಳಿ ತರಲು, ನಮ್ಮ ಆ ಅಮ್ಮನಿಗೆ, ಎ1 ಸಾಕು. ಅದಕ್ಕೆ ಸಾಮಾನ್ಯವಾಗಿ 60ರಿಂದ 100 ಗಂಟೆ ಪಾಠ ಎನ್ನುತ್ತಾರೆ. ಫ್ರೆಂಚ್ ಮಾಧ್ಯಮದಲ್ಲಿ ಕಾಲೇಜು ಓದಲು ಸಾಮಾನ್ಯವಾಗಿ ಬಿ2 ಬೇಕು, ಅಲ್ಲಿಗೆ ಮೊದಲಿನಿಂದ ಒಟ್ಟು ಸುಮಾರು 600 ಗಂಟೆ. ವಾರಾಂತ್ಯದಲ್ಲಿ ಎರಡೆರಡು ಗಂಟೆಯ ತರಗತಿಗೆ ಹೋದರೆ ವಾರಕ್ಕೆ 4 ಗಂಟೆ. 600 ಗಂಟೆಗೆ 150 ವಾರ, ಸುಮಾರು ಮೂರು ವರ್ಷ. ದಿನಕ್ಕೆ ಒಂದು ಗಂಟೆ ತಪ್ಪದೆ ಕೂತರೆ ಇಪ್ಪತ್ತು ತಿಂಗಳು. ಹಾಗಿರುವಾಗ 'ಮೂರು ತಿಂಗಳಲ್ಲಿ ಬಿ2, ಆರು ತಿಂಗಳಲ್ಲಿ ಕೆನಡಾ' ಎಂಬ ಭಿತ್ತಿಪತ್ರ ಕಂಡರೆ ಏನು ಮಾಡಬೇಕೆಂದು ನೀವೇ ಯೋಚಿಸಿ. ಸಾಲ ಮಾಡಿ ಪೂರ್ತಿ ಫೀಸು ಮುಂಗಡ ಕಟ್ಟುವುದಂತೂ ಬೇಡವೇ ಬೇಡ. ಒಂದು ಮೆಟ್ಟಿಲಿಗೆ ಕಟ್ಟಿ, ಹತ್ತಿ ನೋಡಿ, ಆಮೇಲೆ ಮುಂದಿನದು.

ಕೆನಡಾ ಆಕಾಂಕ್ಷಿಗಳಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿನ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ 2023ರಿಂದ ಫ್ರೆಂಚ್ ಬಲ್ಲವರಿಗೆ ಪ್ರತ್ಯೇಕ ಆಯ್ಕೆ ನಡೆಯುತ್ತಿದೆ, ನಿಜ. ಆದರೆ ಓದು, ಬರಹ, ಮಾತು, ಕೇಳ್ಮೆ ನಾಲ್ಕರಲ್ಲೂ ಅವರ ಏಳನೆಯ ಹಂತ ಬೇಕು, ಅದು ಹೆಚ್ಚುಕಡಿಮೆ ಬಿ2ಗೆ ಸಮ. ಅದಕ್ಕೆ ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಪರೀಕ್ಷೆಯ ಅಂಕವೇ ಆಗಬೇಕು, ಅದೂ ಎರಡು ವರ್ಷಕ್ಕಿಂತ ಹಳೆಯದಾಗಿರಬಾರದು. ಡೆಲ್ಫ್ ಎಂಬುದು ಬೇರೆ, ಫ್ರೆಂಚ್ ಸರ್ಕಾರದ ಪ್ರಮಾಣಪತ್ರ, ಜೀವನಪೂರ್ತಿ ನಡೆಯುತ್ತದೆ, ಆದರೆ ಎಕ್ಸ್‌ಪ್ರೆಸ್ ಎಂಟ್ರಿಗೆ ನಡೆಯುವುದಿಲ್ಲ. ತಪ್ಪು ಪರೀಕ್ಷೆ ಬರೆದು ಫೀಸು ಕಳೆದುಕೊಂಡು ಕೂರಬೇಡಿ. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ಕೆನಡಾ ಸರ್ಕಾರದ ಪ್ರಕಟಣೆಯನ್ನೇ ನೋಡಿ, ಏಜೆಂಟನ ಮಾತನ್ನಲ್ಲ. ಫ್ರಾನ್ಸ್‌ನಲ್ಲೇ ನೆಲೆಸುವವರಿಗೂ ಬಿಗಿಯಾಗಿದೆ: 2024ರ ಕಾನೂನಿನ ಪ್ರಕಾರ 2026ರಿಂದ ಹತ್ತು ವರ್ಷದ ನಿವಾಸಪತ್ರಕ್ಕೆ ಬಿ1, ಪೌರತ್ವಕ್ಕೆ ಬಿ2.

ಮಿಹಾನ್ ಕೆಲಸದ ಆಸೆಯವರಿಗೆ ನಮ್ಮ ಅಭಿಪ್ರಾಯ ಬೇಕಿದ್ದರೆ: ಎ1 ಫ್ರೆಂಚ್ ತೋರಿಸಿ ಯಾರೂ ವಿಮಾನ ಜೋಡಿಸುವ ಕೆಲಸ ಕೊಡುವುದಿಲ್ಲ. ಕಸುಬು ಮೊದಲು. ಕಸುಬು ಇದ್ದವರಿಗೆ, ಫ್ರಾನ್ಸ್‌ನಿಂದ ಬಂದ ಎಂಜಿನಿಯರ್ ಜೊತೆ ನಾಲ್ಕು ಮಾತಾಡಬಲ್ಲ ಭಾಷೆ ಮೇಲಿನ ತುಪ್ಪ.

ಕಲಿಯುವುದೆಲ್ಲಿ? ಪ್ಯಾರಿಸ್‌ನಲ್ಲಿ 1883ರಲ್ಲಿ ಹುಟ್ಟಿದ ಅಲಿಯಾನ್ಸ್ ಫ್ರಾನ್ಸೇಸ್ ಸಂಸ್ಥೆ ಬೆಂಗಳೂರಿನ ವಸಂತನಗರದಲ್ಲಿದೆ, ಪುಣೆ ಮುಂಬೈಗಳಲ್ಲೂ ಇದೆ, ಆನ್‌ಲೈನ್ ತರಗತಿಗಳೂ ಉಂಟು. ಊರಲ್ಲೇ ತರಗತಿ ಹಿಡಿಯುವವರು ಸೇರುವ ಮೊದಲು ಕೇಳಿ: ತರಗತಿಯಲ್ಲಿ ಎಷ್ಟು ಮಂದಿ? ಒಟ್ಟು ಎಷ್ಟು ಗಂಟೆ? ಮೇಷ್ಟರು ಸ್ವತಃ ಯಾವ ಪರೀಕ್ಷೆ ಮುಗಿಸಿದ್ದಾರೆ? ಇಪ್ಪತ್ತೈದು ಮಂದಿಯ ತರಗತಿಯಲ್ಲಿ ಒಂದು ಗಂಟೆಗೆ ನಿಮ್ಮ ಬಾಯಿಗೆ ಸಿಗುವುದು ಎರಡು ನಿಮಿಷ.

ಉಳಿದದ್ದು ಕಿವಿಯ ಕೆಲಸ, ಅದರಲ್ಲಿ ರೇಡಿಯೋ ಕೇಳುಗರನ್ನು ಮೀರಿಸುವವರಿಲ್ಲ. ಫ್ರಾನ್ಸ್‌ನ ಅಂತರರಾಷ್ಟ್ರೀಯ ರೇಡಿಯೋ ಆರ್‌ಎಫ್‌ಐ, ಕಲಿಯುವವರಿಗೆಂದೇ ಸುಲಭ ಫ್ರೆಂಚಿನಲ್ಲಿ ಹತ್ತು ನಿಮಿಷದ ವಾರ್ತೆ ಕೊಡುತ್ತದೆ. ಮೊದಲ ತಿಂಗಳು ಏನೂ ಅರ್ಥವಾಗದು, ಊರಿನ ಹೆಸರುಗಳನ್ನಷ್ಟೇ ಹಿಡಿಯಿರಿ. ಎರಡನೆಯ ತಿಂಗಳು ಅಂಕಿ ಹಿಡಿಯಿರಿ. ಬೆಳಗಿನ ವಾರ್ತೆ ನಮ್ಮ ಭಾಷೆಯಲ್ಲಿ ಕೇಳಿಯೇ ಇರುತ್ತೀರಲ್ಲ, ಸುದ್ದಿ ಗೊತ್ತಿದ್ದರೆ ಅರ್ಧ ಅರ್ಥವಾದಂತೆ. ಖಾಪ್ರಿಯಿಂದ ಸೀತಾಬರ್ಡಿಗೆ ಮೆಟ್ರೋದಲ್ಲಿ ಬರುವವರಿಗೆ ಒಂದು ವಾರ್ತೆ ಎರಡು ಸಲ ಕೇಳುವಷ್ಟು ಹೊತ್ತು ಸಿಗುತ್ತದೆ. ಮನೆಗೆ ಬಂದ ಮೇಲೆ ಅದರಲ್ಲಿನ ಒಂದೇ ವಾಕ್ಯವನ್ನು ಗಟ್ಟಿಯಾಗಿ ಹತ್ತು ಸಲ ಹೇಳಿ. ಮನಸ್ಸಿನಲ್ಲಿ ಹೇಳಿಕೊಂಡರೆ ನಾಲಿಗೆಗೆ ಬರುವುದಿಲ್ಲ.

ಇನ್ನೊಂದು, ಈ ಪುಟದಲ್ಲಿ ನಾವು ಫ್ರೆಂಚ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇವೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಮೊದಲ ವಾರ ದಾಟಿದ ಮೇಲೆ ಹಾಗೆ ಬರೆಯಬೇಡಿ, ಮೂಗಿನ ಸ್ವರವೂ ಗಂಟಲ 'ರ'ವೂ ನಮ್ಮ ಅಕ್ಷರಕ್ಕೆ ಸಿಗವು.

ಡೆಲ್ಫ್ ಎ1 ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ತಲಾ 25 ಅಂಕ. ನೂರಕ್ಕೆ 50 ಬಂದರೆ ಪಾಸು, ಆದರೆ ಯಾವುದರಲ್ಲೂ 5ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಎಂದರೆ ಬರವಣಿಗೆಯಲ್ಲಿ ಪಂಡಿತರಾಗಿ ಬಾಯಿ ಬಿಡದೆ ಕೂತರೆ ಫೇಲು. ಈ ಪರೀಕ್ಷೆ ಬರೆಯಲು ಹೊರಟಿರುವ ಕೇಳುಗರು ಯಾವ ಬಡಾವಣೆಯಲ್ಲಿದ್ದೀರಿ ಎಂದು ನಮಗೊಂದು ಸಾಲು ಬರೆದು ತಿಳಿಸಿ. ಅಕ್ಕಪಕ್ಕದಲ್ಲಿ ಇನ್ನೊಬ್ಬ ಕಲಿಯುವವರಿದ್ದರೆ, ಇಬ್ಬರ ಒಪ್ಪಿಗೆ ಪಡೆದು ಪರಿಚಯ ಮಾಡಿಸುತ್ತೇವೆ.